ನಡುವೆ ಆಡಿದವನು ಗೆರೆಯಾಚೆ ನಿಂತಾಗ

ಹುಬ್ಬಳ್ಳಿಯ ನಮ್ಮ ಬಡಾವಣೆಯ ಗ್ರೌಂಡಿಗೆ ಸಂಜೆ ಐದಕ್ಕೆ ಹುಡುಗರು ಫುಟ್‌ಬಾಲ್ ಆಡಲಿಕ್ಕೆ ಬಂದು ಸೇರುತ್ತಾರೆ. ಟೀಮ್ ಮಾಡುವಾಗ ದಿನಾ ಒಂದೇ ಜಗಳ. ಎಲ್ಲರಿಗೂ ಮುಂದೆ ಆಡಬೇಕು, ಗೋಲು ಹೊಡೆಯಬೇಕು. ಬೆನ್ನ ಮೇಲೆ ರೊನಾಲ್ಡೊ, ಮೆಸ್ಸಿ, ಎಂಬಾಪೆ ಅಂತ ಹೆಸರಿರುವಾಗ ಆಸೆ ಸಹಜವೇ. ಗೋಲಿ ಆಗಲಿಕ್ಕಾದರೂ ಒಬ್ಬ ಸಿಗುತ್ತಾನೆ, ನಡುವೆ ಆಡಲಿಕ್ಕೆ ಯಾರೂ ಸಿಗುವುದಿಲ್ಲ. ಹೋದ ವಾರ ಒಬ್ಬ ಹುಡುಗ ನೇರವಾಗಿ ಕೇಳಿಯೇಬಿಟ್ಟ: "ಸರ್ರ, ಅಲ್ಲಿ ನಡುವ ನಿಂತ್ರ ಏನ್ ಸಿಗತೈತ್ರಿ?"

"ಮುಂದ ಕೋಚ್ ಆಗೂ ಕಣ್ಣು ಸಿಗತೈತಿ" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಆಟಕ್ಕೆ ಹೊತ್ತಾಗಿತ್ತು, ನಾನೂ ಬಿಡಿಸಿ ಹೇಳಲಿಲ್ಲ. ಈಗ ಹೇಳುತ್ತೇನೆ.

ಈ ಕಾಲದ ದೊಡ್ಡ ಕೋಚ್‌ಗಳು ತಾವು ಆಡುವಾಗ ಎಲ್ಲಿ ಆಡುತ್ತಿದ್ದರು ನೋಡಿ. ಪೆಪ್ ಗಾರ್ಡಿಯೋಲಾ, ಕಾರ್ಲೊ ಆಂಚೆಲೊಟ್ಟಿ, ಜಿನೆದಿನ್ ಜಿದಾನ್, ದಿದಿಯೆ ದೆಷಾಂ, ಮಿಕೆಲ್ ಅರ್ಟೆಟಾ, ಶಾಬಿ ಅಲೊನ್ಸೊ. ಎಲ್ಲರೂ ಮಿಡ್‌ಫೀಲ್ಡರ್‌ಗಳು, ಅಂದರೆ ಮೈದಾನದ ನಡುವೆ ಆಡಿದವರು. ಹಾಗಂತ ಇದು ಕಟ್ಟಳೆಯೇನಲ್ಲ. ಅಲೆಕ್ಸ್ ಫರ್ಗ್ಯುಸನ್ ಫಾರ್ವರ್ಡ್ ಆಗಿದ್ದರು. ಯುರ್ಗೆನ್ ಕ್ಲಾಪ್ ಮೊದಲು ಮುಂದೆ ಆಡಿ, ಆಮೇಲೆ ಡಿಫೆನ್ಸಿಗೆ ಬಂದವರು. ಆದರೂ ನಡುವಿನವರೇ ಇಷ್ಟು ಜಾಸ್ತಿ ಇರುವುದಕ್ಕೆ ಕಾರಣ ಇದೆ. ಆ ಕಾರಣ ಅರ್ಧವನ್ನಷ್ಟೇ ವಿವರಿಸುತ್ತದೆ ಅನ್ನುವುದೂ ನನ್ನ ಮಾತು. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ.

ಮೊದಲು ಜಾಗ ನೋಡೋಣ. ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಎಡಬದಿಯ ಡಿಫೆಂಡರ್‌ಗೆ ಒಂದು ಕಡೆ ಗೆರೆ ಇರುತ್ತದೆ, ಆ ಕಡೆಯಿಂದ ಯಾರೂ ಬರುವುದಿಲ್ಲ. ಎಲ್ಲರಿಗಿಂತ ಮುಂದೆ ನಿಲ್ಲುವ ಸ್ಟ್ರೈಕರ್‌ಗೆ ಗೋಲಿನದೇ ಧ್ಯಾನ. ನಡುವೆ ನಿಂತವನಿಗೆ ಮಾತ್ರ ಯಾವ ಗೆರೆಯ ಆಸರೆಯೂ ಇಲ್ಲ. ಹಿಂದಿನಿಂದ, ಮುಂದಿನಿಂದ, ಎರಡೂ ಪಕ್ಕದಿಂದ ಎದುರಾಳಿ ಬರಬಹುದು. ಚೆನ್ನಮ್ಮ ಸರ್ಕಲ್ಲಿನ ನಡುವೆ ನಿಂತ ಟ್ರಾಫಿಕ್ ಪೊಲೀಸರನ್ನು ನೆನೆಸಿಕೊಳ್ಳಿ. ಆಟೋದವನಿಗೆ ತನ್ನ ಮುಂದಿನ ಸಂದು ಕಂಡರೆ ಸಾಕು. ಪೊಲೀಸರಿಗೆ ಎಲ್ಲ ರಸ್ತೆಯೂ ಒಟ್ಟಿಗೆ ಕಾಣಬೇಕು. ಬೆನ್ನ ಹಿಂದಿನ ರಸ್ತೆಯೂ.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆದಿರುವುದಿಲ್ಲ. 90 ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಹೆಚ್ಚೆಂದರೆ ಎರಡು ಮೂರು ನಿಮಿಷ. ಅಷ್ಟೇ. ಉಳಿದ ಹೊತ್ತೆಲ್ಲಾ ಅವನು ಎಲ್ಲಿ ನಿಂತಿದ್ದಾನೆ, ಯಾವ ಕಡೆ ನೋಡುತ್ತಿದ್ದಾನೆ, ಯಾರಿಗೆ ಜಾಗ ಬಿಟ್ಟಿದ್ದಾನೆ ಅನ್ನುವುದೇ ಆಟ. ನಾರ್ವೆಯ ಗೈರ್ ಯೊರ್ಡೆಟ್ ಅನ್ನುವ ಸಂಶೋಧಕರು ಇದನ್ನೇ ವರ್ಷಗಟ್ಟಲೆ ಅಳೆದಿದ್ದಾರೆ. ಚೆಂಡು ತನ್ನ ಹತ್ತಿರ ಬರುವ ಮುಂಚಿನ ಕೆಲವು ಸೆಕೆಂಡಿನಲ್ಲಿ ಆಟಗಾರ ಎಷ್ಟು ಸಲ ಹೆಗಲ ಮೇಲಿಂದ ಹೊರಳಿ ನೋಡುತ್ತಾನೆ ಅಂತ ಎಣಿಸಿದರು. ಹೆಚ್ಚು ಸಲ ನೋಡಿದವರ ಪಾಸ್ ಹೆಚ್ಚು ಸಲ ಸರಿಯಾದವನಿಗೆ ತಲುಪುತ್ತಿತ್ತು. ಬಾರ್ಸಿಲೋನಾದ ಶಾವಿ ಈ ವಿಷಯದಲ್ಲಿ ಎತ್ತಿದ ಕೈ. ಅವರ ಹಳೆಯ ವಿಡಿಯೋ ನೋಡುವಾಗ ಚೆಂಡನ್ನು ಬಿಟ್ಟು ಅವರ ಕುತ್ತಿಗೆಯನ್ನೇ ನೋಡಿ, ಒಂದು ಕ್ಷಣವೂ ಸುಮ್ಮನಿರುವುದಿಲ್ಲ.

ಧಾರವಾಡದಲ್ಲಿ ನಾನು ಕಾಲೇಜು ತಂಡಕ್ಕೆ ಆಡುತ್ತಿದ್ದಾಗ ನಮ್ಮ ಪಿ.ಇ. ಮಾಸ್ತರರು ಯಾವ ಸಂಶೋಧನೆಯನ್ನೂ ಓದಿರಲಿಲ್ಲ. ಆದರೆ ಗೆರೆಯ ಪಕ್ಕದಲ್ಲಿ ನಿಂತು ಒಂದೇ ಮಾತು ಕೂಗುತ್ತಿದ್ದರು: "ಚೆಂಡ ನೋಡಬ್ಯಾಡಲೇ, ಮಂದೀನ ನೋಡು!" ಆಗ ಸಿಟ್ಟು ಬರುತ್ತಿತ್ತು. ಚೆಂಡು ನೋಡದೆ ಆಡುವುದು ಹೇಗೆ? ಅರ್ಥವಾಗಲಿಕ್ಕೆ ಎರಡು ವರ್ಷ ಬೇಕಾಯಿತು. ಚೆಂಡು ಎಲ್ಲಿಗೂ ಓಡಿಹೋಗುವುದಿಲ್ಲ, ಓಡುವುದು ಜನ.

ಮಿಡ್‌ಫೀಲ್ಡರ್‌ಗಳಲ್ಲೂ ಬಗೆ ಇವೆ. ಆಟದ ಭಾಷೆಯಲ್ಲಿ ಅಂಕಿಯಿಂದ ಕರೆಯುತ್ತಾರೆ. ಡಿಫೆಂಡರ್‌ಗಳ ಮುಂದೆಯೇ ನಿಲ್ಲುವವನು 6. ಮೇಲೂ ಕೆಳಗೂ ಓಡಾಡುವವನು 8. ಸ್ಟ್ರೈಕರ್‌ನ ಹಿಂದೆ ನಿಂತು ಗೋಲಿಗೆ ದಾರಿ ತೆಗೆಯುವವನು 10. ಜನ ಪ್ರೀತಿಸುವುದು 10 ಅನ್ನು. ಕೋಚ್ ಆಗಿ ಹೆಸರು ಮಾಡುವವರು ಹೆಚ್ಚಾಗಿ 6ರ ಜಾಗದವರು. ಗಾರ್ಡಿಯೋಲಾ, ದೆಷಾಂ, ಅಲೊನ್ಸೊ ಎಲ್ಲರೂ ಹಿಂದೆ ನಿಂತು ಆಡಿದವರೇ. ಜಿದಾನ್ ದೊಡ್ಡ ಅಪವಾದ. 10ರ ಜಾಗದಲ್ಲಿ ಆಡಿಯೂ ಕೋಚ್ ಆಗಿ 2016, 2017, 2018ರಲ್ಲಿ ಸತತ ಮೂರು ಸಲ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದರು.

6ರ ಜಾಗದವನ ಕೆಲಸ ಬೇರೆಯವರ ಕೆಲಸವನ್ನು ತಿಳಿದುಕೊಂಡಿರುವುದು. ಬಲಬದಿಯ ಡಿಫೆಂಡರ್ ಮೇಲೆ ಓಡಿದರೆ ಅವನ ಖಾಲಿ ಜಾಗಕ್ಕೆ ಯಾರು ಬರಬೇಕು? ಇಬ್ಬರು ಒಬ್ಬನೇ ಎದುರಾಳಿಯ ಬೆನ್ನು ಹತ್ತಿದರೆ ಒಬ್ಬನನ್ನು ವಾಪಸ್ ಕರೆಯುವವರು ಯಾರು? ಹತ್ತೂ ಜನರ ಕೆಲಸ ತಲೆಯಲ್ಲಿ ಇಲ್ಲದಿದ್ದರೆ ಆ ಜಾಗದಲ್ಲಿ ನಿಲ್ಲಲು ಆಗುವುದಿಲ್ಲ. ಫ್ರಾನ್ಸಿನದೇ ಆಟಗಾರ ಎರಿಕ್ ಕ್ಯಾಂಟೊನಾ ಒಮ್ಮೆ ದೆಷಾಂ ಅವರನ್ನು ಹೀಯಾಳಿಸಿ 'ನೀರು ಹೊರುವವನು' ಅಂದಿದ್ದರು. ನಳಕ್ಕೆ ನೀರು ಬರುವ ದಿನಕ್ಕೆ ಕಾದು ಕೂತು ಗೊತ್ತಿರುವ ನಮ್ಮೂರಿನ ಜನಕ್ಕೆ ಅದು ಬೈಗುಳ ಅಂತ ಅನಿಸುವುದೇ ಇಲ್ಲ. ಆ ನೀರು ಹೊರುವವರು 1998ರಲ್ಲಿ ಫ್ರಾನ್ಸ್ ನಾಯಕರಾಗಿ ವಿಶ್ವಕಪ್ ಎತ್ತಿದರು. 2018ರಲ್ಲಿ ಕೋಚ್ ಆಗಿ ಮತ್ತೆ ಗೆದ್ದರು. ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದವರು ಮೂರೇ ಜನ. ಬ್ರೆಜಿಲ್‌ನ ಮಾರಿಯೊ ಜಗಾಲೊ, ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್, ಮೂರನೆಯವರು ದೆಷಾಂ.

ಇಷ್ಟು ಕೇಳಿದರೆ ನಡುವೆ ಆಡಿದವರೆಲ್ಲ ತಾನಾಗಿ ಒಳ್ಳೆಯ ಕೋಚ್ ಆಗುತ್ತಾರೆ ಅನಿಸಬಹುದು. ಆಗುವುದಿಲ್ಲ. ಕಾಣುವುದು ಬೇರೆ, ಕಾಣಿಸುವುದು ಬೇರೆ.

ನಮ್ಮಜ್ಜಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿಗೆ ಎಸರು ಎಷ್ಟು ಹಾಕಬೇಕು ಅಂತ ನಮ್ಮ ಅತ್ತಿಗೆ ಕೇಳಿದರೆ ಒಂದೇ ಉತ್ತರ: "ಕೈಗೆ ಗೊತ್ತಾಗತೈತಿ ಬಿಡವಾ." ಸುಳ್ಳಲ್ಲ. ಅವಳ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ದೊಡ್ಡ ಆಟಗಾರರ ಕಷ್ಟವೂ ಇದೇ. ಅವರಿಗೆ ಕಾಣುವುದು ಎಷ್ಟು ಸಹಜವಾಗಿ ಕಾಣುತ್ತದೆ ಅಂದರೆ, ಬೇರೆಯವರಿಗೆ ಯಾಕೆ ಕಾಣುತ್ತಿಲ್ಲ ಅನ್ನುವುದೇ ಹೊಳೆಯುವುದಿಲ್ಲ.

ಇಟಲಿಯ ಆಂಡ್ರಿಯಾ ಪಿರ್ಲೊ ಅವರನ್ನು ನೋಡಿ. ಅವರ ಪಾಸ್‌ಗಳನ್ನು ನೋಡಲಿಕ್ಕೆಂದೇ ನಾನು ರಾತ್ರಿ ನಿದ್ದೆಗೆಟ್ಟಿದ್ದೇನೆ. 2006ರಲ್ಲಿ ವಿಶ್ವಕಪ್ ಗೆದ್ದವರು. 2020ರ ಜುಲೈ ಕೊನೆಗೆ ಯುವೆಂಟಸ್ ಕ್ಲಬ್ ಅವರನ್ನು 23 ವರ್ಷದೊಳಗಿನವರ ತಂಡಕ್ಕೆ ಕೋಚ್ ಮಾಡಿತು. ಹತ್ತು ದಿನ ಕಳೆಯುವುದರೊಳಗೆ ಮುಖ್ಯ ತಂಡದ ಕೋಚ್‌ನನ್ನು ತೆಗೆದು ಆ ಕುರ್ಚಿಯನ್ನೂ ಪಿರ್ಲೊಗೇ ಕೊಟ್ಟರು. ಕಿರಿಯರ ತಂಡದೊಂದಿಗೆ ಒಂದೇ ಒಂದು ಪಂದ್ಯವನ್ನೂ ಅವರು ಆಡಿಸಿರಲಿಲ್ಲ. ಸತತ ಒಂಬತ್ತು ಸಲ ಲೀಗ್ ಗೆದ್ದಿದ್ದ ತಂಡ ಆ ವರ್ಷ ನಾಲ್ಕನೇ ಜಾಗಕ್ಕೆ ಇಳಿಯಿತು. ಇಟಲಿಯ ಕಪ್ ಮತ್ತು ಸೂಪರ್ ಕಪ್ ಗೆದ್ದುಕೊಟ್ಟರು, ಅದನ್ನು ಮರೆಯಬಾರದು. ಆದರೂ ಋತು ಮುಗಿದ ಕೂಡಲೇ ಕಳಿಸಿಬಿಟ್ಟರು. ನನ್ನ ಲೆಕ್ಕದಲ್ಲಿ ಇದು ಪಿರ್ಲೊ ಅವರ ತಪ್ಪಿಗಿಂತ ಅವಸರದ ತಪ್ಪು. ಮೆಟ್ಟಿಲು ಹತ್ತಲಿಕ್ಕೆ ಬಿಡದೆ ನೇರ ಮಾಳಿಗೆ ಮೇಲೆ ನಿಲ್ಲಿಸಿದರು.

ಹಾಗಾದರೆ ಮೆಟ್ಟಿಲಲ್ಲಿ ಕಲಿಯುವುದು ಏನು? 'ನೋಡು' ಅಂತ ಕೂಗುವ ಬದಲು, ನೋಡದೆ ಆಡಲಿಕ್ಕೇ ಆಗದಂಥ ಆಟ ಕಟ್ಟುವುದನ್ನು. ಇದು ಕೋಚಿಂಗಿನ ತಿರುಳು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಾಂಡೊ ಅಂತ ಒಂದು ಅಭ್ಯಾಸ ಇದೆ. ಆರೇಳು ಜನ ದುಂಡಗೆ ನಿಲ್ಲುತ್ತಾರೆ, ಇಬ್ಬರು ನಡುವೆ. ಸುತ್ತಲಿನವರು ಚೆಂಡನ್ನು ಒಂದೇ ತಟ್ಟಿಗೆ ಇನ್ನೊಬ್ಬರಿಗೆ ಕಳಿಸಬೇಕು, ನಡುವಿನವರು ಕಿತ್ತುಕೊಳ್ಳಬೇಕು. ಯಾರ ತಪ್ಪಿನಿಂದ ಚೆಂಡು ಹೋಯಿತೋ ಅವನು ನಡುವೆ ಬರಬೇಕು. ನೋಡಲಿಕ್ಕೆ ಮಕ್ಕಳಾಟ. ಆದರೆ ಒಂದೇ ತಟ್ಟು ಅನ್ನುವ ನಿಯಮ ಇರುವುದರಿಂದ, ಚೆಂಡು ಬಂದ ಮೇಲೆ ಯೋಚನೆ ಮಾಡಲು ಹೊತ್ತೇ ಇಲ್ಲ. ಬರುವ ಮೊದಲೇ ಯಾರಿಗೆ ಕೊಡಬೇಕು ಅಂತ ನೋಡಿಟ್ಟುಕೊಳ್ಳಲೇಬೇಕು. ನಮ್ಮ ಮಾಸ್ತರರು ಎರಡು ವರ್ಷ ಕೂಗಿ ಕಲಿಸಿದ್ದನ್ನು ರಾಂಡೊ ಎರಡು ತಿಂಗಳಲ್ಲಿ ಕಲಿಸುತ್ತದೆ. ಮಾಸ್ತರರಿಗೆ ಕಣ್ಣಿತ್ತು, ಕಳಕಳಿ ಇತ್ತು. ಈ ಉಪಾಯವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಕೋಚ್ ಇಡೀ ಆಟವನ್ನೂ ಹೀಗೆ ಬಿಡಿಸಿಟ್ಟುಕೊಳ್ಳುತ್ತಾನೆ. ಚೆಂಡು ನಮ್ಮ ಹತ್ತಿರ ಇದ್ದಾಗ ಹೇಗೆ, ಅವರ ಹತ್ತಿರ ಇದ್ದಾಗ ಹೇಗೆ, ನಮ್ಮಿಂದ ಹೋದ ಆ ಕ್ಷಣದಲ್ಲಿ ಏನು, ನಮಗೆ ಸಿಕ್ಕ ಆ ಕ್ಷಣದಲ್ಲಿ ಏನು. ಒಂದೊಂದಕ್ಕೂ ಬೇರೆ ಅಭ್ಯಾಸ. ಪಂದ್ಯದ ಮರುದಿನ ಮೈಗೆ ವಿಶ್ರಾಂತಿ, ವಾರದ ನಡುವೆ ಜೋರು ಓಟ, ಪಂದ್ಯದ ಹಿಂದಿನ ದಿನ ಹಗುರ. ಇದರ ಮೇಲೆ ಇಪ್ಪತ್ತೈದು ಜನರಲ್ಲಿ ಹನ್ನೊಂದು ಜನರನ್ನು ಆರಿಸಿ, ಉಳಿದ ಹದಿನಾಲ್ಕು ಜನರ ಮನಸ್ಸು ಮುರಿಯದ ಹಾಗೆ ನೋಡಿಕೊಳ್ಳುವುದು. ಅದನ್ನು ಮೈದಾನದ ನಡುವೆ ನಿಂತು ಕಲಿಯಲಿಕ್ಕೆ ಆಗುವುದಿಲ್ಲ.

ಮೆಟ್ಟಿಲು ಹತ್ತಿದವರ ಕತೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಶಾಬಿ ಅಲೊನ್ಸೊ ಅವರದು. ಹುಟ್ಟಿದ್ದು 1981ರಲ್ಲಿ, ಸ್ಪೇನಿನ ಬಾಸ್ಕ್ ಸೀಮೆಯ ಟೊಲೋಸಾದಲ್ಲಿ. ಅಪ್ಪ ಪೆರಿಕೊ ಅಲೊನ್ಸೊ ಕೂಡ ಮಿಡ್‌ಫೀಲ್ಡರ್, ಆಮೇಲೆ ಕೋಚ್. ಶಾಬಿ ರಿಯಲ್ ಸೊಸಿಯೆಡಾಡ್‌ನಲ್ಲಿ ಶುರು ಮಾಡಿ 2004ರಲ್ಲಿ ಲಿವರ್‌ಪೂಲ್‌ಗೆ ಬಂದರು. 2005ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಎಸಿ ಮಿಲಾನ್ ವಿರುದ್ಧ 0-3 ಹಿಂದಿದ್ದ ತಂಡವನ್ನು 3-3ಕ್ಕೆ ತಂದ ಗೋಲು ಅವರದೇ. ಆಮೇಲೆ ರಿಯಲ್ ಮ್ಯಾಡ್ರಿಡ್, ಬಯರ್ನ್ ಮ್ಯೂನಿಕ್. ಸ್ಪೇನ್ ಪರವಾಗಿ 2010ರ ವಿಶ್ವಕಪ್, ಜೊತೆಗೆ 2008 ಮತ್ತು 2012ರ ಯೂರೋ ಕಪ್. ಇಂಗ್ಲೆಂಡಿನಲ್ಲಿ ಜಾರಿ ಬಿದ್ದು ಚೆಂಡು ಕಿತ್ತುಕೊಳ್ಳುವುದನ್ನು ಕಿರಿಯರು ಗುಣ ಅಂತ ಹೇಳಿಕೊಳ್ಳುವುದು ಕಂಡು ಅವರಿಗೆ ಆಶ್ಚರ್ಯವಾಗಿತ್ತಂತೆ. ಅದು ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ ಅನ್ನುವುದು ಅವರ ನಿಲುವು. ಸರಿಯಾದ ಜಾಗದಲ್ಲಿ ಮೊದಲೇ ನಿಂತಿದ್ದರೆ ಜಾರುವ ಪ್ರಸಂಗ ಯಾಕೆ ಬರುತ್ತದೆ, ಅಲ್ವಾ? ಆಡುತ್ತಿದ್ದಾಗಲೇ ಅವರು ಕೋಚ್ ತರಹ ಯೋಚಿಸುತ್ತಿದ್ದರು.

2017ರಲ್ಲಿ ಆಟ ಬಿಟ್ಟರು. ಇಷ್ಟೆಲ್ಲ ಗೆದ್ದವರು ಎಲ್ಲಿಂದ ಶುರು ಮಾಡಿದರು ಗೊತ್ತೇ? ಮ್ಯಾಡ್ರಿಡ್ ಕ್ಲಬ್ಬಿನ 14 ವರ್ಷದೊಳಗಿನ ಹುಡುಗರಿಂದ. ಅಲ್ಲಿಂದ 2019ರಲ್ಲಿ ತವರಿಗೆ ಹೋಗಿ ಸೊಸಿಯೆಡಾಡ್‌ನ ಎರಡನೇ ತಂಡವನ್ನು ಕೈಗೆ ತೆಗೆದುಕೊಂಡರು. ಮೂರು ವರ್ಷ ಅಲ್ಲೇ ಇದ್ದರು. 2021ರಲ್ಲಿ ಆ ತಂಡವನ್ನು ಎರಡನೇ ದರ್ಜೆಯ ಲೀಗ್‌ಗೆ ಏರಿಸಿದರು, ಮರುವರ್ಷವೇ ಅದು ಕೆಳಗಿಳಿಯಿತು. ಏರಿಸಿದ್ದರಷ್ಟೇ ಇಳಿದದ್ದೂ ಪಾಠವೇ. ಅದೂ ಪತ್ರಿಕೆಗಳ ಕಣ್ಣು ಬೀಳದ ಜಾಗದಲ್ಲಿ.

2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಯರ್ ಲೆವರ್‌ಕುಸೆನ್ ಕರೆಯಿತು. 18 ತಂಡಗಳ ಲೀಗ್‌ನಲ್ಲಿ ಆಗ ಅದು 17ನೇ ಜಾಗದಲ್ಲಿತ್ತು. ಆ ಕ್ಲಬ್ ಲೀಗನ್ನು ಒಮ್ಮೆಯೂ ಗೆದ್ದಿರಲಿಲ್ಲ. 2002ರಲ್ಲಂತೂ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರರಲ್ಲೂ ಎರಡನೆಯದಾಗಿ ನಿಂತಿತ್ತು. ಅಲೊನ್ಸೊ ಮೊದಲ ವರ್ಷ ಅದನ್ನು ಆರನೇ ಜಾಗಕ್ಕೆ ತಂದರು. 2023-24ರಲ್ಲಿ 34 ಪಂದ್ಯಗಳಲ್ಲಿ 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲ. ಬಯರ್ನ್ ಮ್ಯೂನಿಕ್‌ನ ಸತತ 11 ವರ್ಷದ ಪಟ್ಟ ಅಲ್ಲಿಗೆ ಮುಗಿಯಿತು. ಎಲ್ಲ ಟೂರ್ನಿ ಸೇರಿ 51 ಪಂದ್ಯ ಸೋಲದೆ ನಡೆದ ಓಟ ಯುರೋಪಾ ಲೀಗ್ ಫೈನಲ್‌ನಲ್ಲಿ ಅಟಲಾಂಟಾ ಎದುರು 0-3ರಿಂದ ನಿಂತಿತು. ಮೂರೇ ದಿನದಲ್ಲಿ ಜರ್ಮನ್ ಕಪ್ ಗೆದ್ದರು. ಆ ಫೈನಲ್‌ನ ಒಂದೇ ಗೋಲು ಹೊಡೆದದ್ದು ಗ್ರಾನಿಟ್ ಶಾಕಾ. ಅವರನ್ನು 2023ರಲ್ಲಿ ತಂಡಕ್ಕೆ ತಂದು, ಅಲೊನ್ಸೊ ತಾವು ಆಡುತ್ತಿದ್ದಂಥ ಜಾಗದಲ್ಲೇ ನಿಲ್ಲಿಸಿದ್ದರು. ತನ್ನ ಕಣ್ಣನ್ನು ಇನ್ನೊಬ್ಬನಿಗೆ ಕೊಡುವುದು ಅಂದರೆ ಇದು.

ಹಾಗಂತ ಕೆಲಸ ಒಮ್ಮೆ ಬಂದರೆ ಎಲ್ಲ ಕಡೆಯೂ ನಡೆಯುತ್ತದೆ ಅಂತಲ್ಲ. 2025ರಲ್ಲಿ ಅಲೊನ್ಸೊ ರಿಯಲ್ ಮ್ಯಾಡ್ರಿಡ್ ಕೋಚ್ ಆಗಿ ಹೋದರು. ವರ್ಷ ತುಂಬುವ ಮೊದಲೇ, 2026ರ ಜನವರಿಯಲ್ಲಿ, ಹೊರಬಂದರು.

ಧಾರವಾಡದವರಿಗೆ ಈ ವಿದ್ಯೆಯ ದಾರಿ ತಿಳಿಯಲಿಕ್ಕೆ ಸಂಗೀತದ ಕಡೆ ನೋಡಿದರೆ ಸಾಕು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗುತ್ತಿದ್ದರು. ಗದಗಿನ ಭೀಮಸೇನ ಜೋಶಿಯವರೂ ಅವರ ಶಿಷ್ಯರೇ. ಹಾಡುವುದರಷ್ಟೇ ಹಾಡಿಸುವುದೂ ವಿದ್ಯೆ, ಅದು ಗುರುವಿನಿಂದ ಬರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಮೊದಲು ಗ್ವಾಲಿಯರ್ ಘರಾಣೆಯ ನೀಲಕಂಠ ಬುವಾ ಅವರಲ್ಲಿ, ಆಮೇಲೆ ಜೈಪುರ ಘರಾಣೆಯ ಮಂಜಿಖಾನ್, ಬುರ್ಜಿಖಾನರಲ್ಲಿ ಕಲಿತು ತಮ್ಮದೇ ದಾರಿ ಮಾಡಿಕೊಂಡರು. ಅಲೊನ್ಸೊ ಅವರ ಗುರುಗಳನ್ನು ಎಣಿಸಿ: ರಾಫಾ ಬೆನಿಟೆಜ್, ಜೋಸೆ ಮೌರಿನ್ಯೊ, ಆಂಚೆಲೊಟ್ಟಿ, ಗಾರ್ಡಿಯೋಲಾ. ನಾಲ್ಕು ಘರಾಣೆ.

ಆ ಆಂಚೆಲೊಟ್ಟಿ ಅವರಿಗೂ ಗುರು ಇದ್ದರು. ಮಿಲಾನ್‌ನಲ್ಲಿ ಅರಿಗೊ ಸಾಕಿ ಕೈಕೆಳಗೆ ಮಿಡ್‌ಫೀಲ್ಡಿನಲ್ಲಿ ಆಡಿ 1989, 1990ರಲ್ಲಿ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು) ಗೆದ್ದರು. ಆಟ ಬಿಟ್ಟ ಮೇಲೆ ಅದೇ ಸಾಕಿ ಅವರಿಗೆ ಸಹಾಯಕರಾಗಿ 1994ರ ವಿಶ್ವಕಪ್‌ಗೆ ಇಟಲಿ ತಂಡದ ಜೊತೆ ಹೋದರು. ಗುರು ಕಲಿಸಿದ 4-4-2 ಜೋಡಣೆಯ (ನಾಲ್ವರು ಹಿಂದೆ, ನಾಲ್ವರು ನಡುವೆ, ಇಬ್ಬರು ಮುಂದೆ) ಮೇಲೆ ಎಷ್ಟು ನಂಬಿಕೆ ಇತ್ತು ಅಂದರೆ, ಪಾರ್ಮಾ ಕೋಚ್ ಆಗಿದ್ದಾಗ ಅದರಲ್ಲಿ ಹೊಂದುವುದಿಲ್ಲ ಅಂತ ಇಟಲಿಯ ಹೆಸರಾಂತ ಆಟಗಾರ ರಾಬರ್ಟೊ ಬಾಜಿಯೊ ಅವರನ್ನೇ ಬೇಡ ಅಂದರು. ಮುಂದೆ ಯುವೆಂಟಸ್‌ನಲ್ಲಿ ಜಿದಾನ್ ಸಿಕ್ಕಾಗ ಜೋಡಣೆಯನ್ನೇ ಬದಲಿಸಿ ಆಟಗಾರನಿಗೆ ಜಾಗ ಮಾಡಿಕೊಟ್ಟರು. ಬಾಜಿಯೊ ವಿಷಯದಲ್ಲಿ ತಪ್ಪಿದೆ ಅಂತ ಆಮೇಲೆ ತಾವೇ ಒಪ್ಪಿಕೊಂಡಿದ್ದಾರೆ. ಕೋಚ್ ಆಗಿ ಐದು ಚಾಂಪಿಯನ್ಸ್ ಲೀಗ್ ಗೆದ್ದಿರುವುದು ಅವರೊಬ್ಬರೇ.

ಗಾರ್ಡಿಯೋಲಾ ಕೂಡ ನೇರ ಮೇಲೆ ಬಂದವರಲ್ಲ. ಆಟ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಕೋಚ್ ಮಾರ್ಸೆಲೊ ಬಿಯೆಲ್ಸಾ ಅವರ ಮನೆಯಲ್ಲಿ ತಾಸುಗಟ್ಟಲೆ ಕೂತು ಮಾತಾಡಿ ಬಂದರು. 2007ರಲ್ಲಿ ಕೈಗೆ ಸಿಕ್ಕದ್ದು ನಾಲ್ಕನೇ ದರ್ಜೆಯಲ್ಲಿ ಆಡುತ್ತಿದ್ದ ಬಾರ್ಸಿಲೋನಾ ಬಿ ತಂಡ. ಆ ತಂಡದಲ್ಲಿದ್ದ ಬುಸ್ಕೆಟ್ಸ್, ಪೆಡ್ರೊ ಇಬ್ಬರೂ ಮೂರು ವರ್ಷದಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದರು.

ಇದೆಲ್ಲ ಯುರೋಪಿನ ಕತೆ, ನಮಗೇನು ಅಂತ ಕೇಳಬಹುದು. ಖಾಲಿದ್ ಜಮೀಲ್ ಅವರನ್ನು ನೋಡಿ. ಕುವೈತಿನಲ್ಲಿ ಹುಟ್ಟಿ ಮುಂಬೈಯಲ್ಲಿ ಆಡಿದ ಮಿಡ್‌ಫೀಲ್ಡರ್. ಗಾಯದಿಂದಾಗಿ ಆಟ ಬೇಗ ನಿಂತಿತು. 2009ರಲ್ಲಿ ಮುಂಬೈ ಎಫ್‌ಸಿ ಕೋಚ್ ಆದರು. ದುಡ್ಡು ಕಮ್ಮಿ ಇದ್ದ ಆ ತಂಡವನ್ನು ವರ್ಷಗಟ್ಟಲೆ ನಡೆಸಿದರು. ಆಮೇಲೆ ಮಿಜೋರಾಂನ ಐಜಾಲ್ ಎಫ್‌ಸಿಗೆ ಹೋದರು. ಹಿಂದಿನ ವರ್ಷ ಕೆಳಗಿಳಿದು, ಹೇಗೋ ಮತ್ತೆ ಜಾಗ ಪಡೆದ ತಂಡ ಅದು. 2016-17ರಲ್ಲಿ ಅದೇ ತಂಡ ಮೋಹನ್ ಬಗಾನ್ ಅನ್ನು ಹಿಂದಿಕ್ಕಿ ಐ-ಲೀಗ್ ಗೆದ್ದಿತು! ಈಶಾನ್ಯ ರಾಜ್ಯಗಳ ಒಂದು ಕ್ಲಬ್ ದೇಶದ ಲೀಗ್ ಗೆದ್ದದ್ದು ಅದೇ ಮೊದಲು. 2025ರ ಆಗಸ್ಟ್‌ನಲ್ಲಿ ಅವರು ಭಾರತ ತಂಡದ ಕೋಚ್ ಆದರು. ಒಂದು ದಶಕಕ್ಕೂ ಹೆಚ್ಚು ಕಾಲ ವಿದೇಶಿಯರೇ ಕೂತಿದ್ದ ಕುರ್ಚಿ ಅದು. ಶುರುವಿನಲ್ಲೇ ಮಧ್ಯ ಏಷ್ಯಾದ ಟೂರ್ನಿಯಲ್ಲಿ ಒಮಾನ್ ಎದುರು ಪೆನಾಲ್ಟಿಯಲ್ಲಿ ಗೆದ್ದು ಮೂರನೇ ಸ್ಥಾನ ಸಿಕ್ಕಿತು. ಮರು ತಿಂಗಳೇ ಸಿಂಗಾಪುರದ ಎದುರು ಸೋತು 2027ರ ಏಷ್ಯಾ ಕಪ್ ಕೈತಪ್ಪಿತು. ಇವೆರಡೂ ಒಂದೇ ಕೋಚ್, ಹೆಚ್ಚುಕಮ್ಮಿ ಅದೇ ಹುಡುಗರು.

ಕೋಚ್ ಆಗಲಿಕ್ಕೆ ಲೈಸೆನ್ಸ್ ಬೇಕು, ಅದರಲ್ಲೂ ಮೆಟ್ಟಿಲುಗಳಿವೆ. ಭಾರತದಲ್ಲಿ ಡಿ, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಡಿ ಮಟ್ಟದಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವುದನ್ನು ಕಲಿಸುತ್ತಾರೆ. ಪ್ರೊ ಇದ್ದರೆ ದೇಶದ ಮೇಲ್ದರ್ಜೆಯ ತಂಡ ನಡೆಸಬಹುದು. ಕೋರ್ಸ್‌ನಲ್ಲಿ ಪಾಠ ಕೇಳಿದರೆ ಸಾಲದು, ಎದುರಿಗೆ ನಿಜವಾದ ಆಟಗಾರರನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಿಸಿ ತೋರಿಸಬೇಕು. ಅಲ್ಲೇ ಬಹಳ ಜನ ಒಳ್ಳೆಯ ಆಟಗಾರರು ಮಾತು ಸಿಗದೆ ನಿಲ್ಲುತ್ತಾರೆ.

ಕರ್ನಾಟಕ 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ನಾವೂ ಇಲ್ಲಿ ಕುಣಿದೆವು. ಆದರೆ ರಾಜ್ಯದ ಫುಟ್‌ಬಾಲ್ ಬಹುಮಟ್ಟಿಗೆ ಬೆಂಗಳೂರಿನಲ್ಲೇ ಇದೆ. ಹುಬ್ಬಳ್ಳಿ, ಗದಗ, ಹಾವೇರಿಯ ಹುಡುಗನಿಗೆ ಮೊದಲು ಸಿಗುವ ಕೋಚ್ ಶಾಲೆಯ ಪಿ.ಇ. ಮಾಸ್ತರರು. ಕಬಡ್ಡಿ, ಖೋಖೋ, ಓಟ, ಫುಟ್‌ಬಾಲ್ ಎಲ್ಲಕ್ಕೂ ಅವರೊಬ್ಬರೇ. ಅದನ್ನು ಕಮ್ಮಿ ಅಂತ ತಿಳಿಯಬೇಡಿ. ನೆದರ್ಲೆಂಡ್ಸ್‌ನ ಸರಿನಾ ವೀಗ್ಮನ್ ಮಿಡ್‌ಫೀಲ್ಡಿನಲ್ಲಿ ಆಡಿ ದೇಶದ ನಾಯಕಿಯಾಗಿದ್ದವರು. ಹೊಟ್ಟೆಪಾಡಿಗೆ ಶಾಲೆಯಲ್ಲಿ ಪಿ.ಇ. ಟೀಚರ್ ಆಗಿದ್ದರು. ಅವರೇ 2017ರಲ್ಲಿ ನೆದರ್ಲೆಂಡ್ಸ್‌ಗೂ, 2022 ಮತ್ತು 2025ರಲ್ಲಿ ಇಂಗ್ಲೆಂಡಿಗೂ ಮಹಿಳೆಯರ ಯೂರೋ ಕಪ್ ಗೆದ್ದುಕೊಟ್ಟರು. ನಮ್ಮ ಮಾಸ್ತರರಿಗೂ ಒಂದು ಡಿ ಕೋರ್ಸ್, ಹತ್ತು ಚೆಂಡು, ಇಪ್ಪತ್ತು ಕೋನ್ ಸಿಕ್ಕರೆ ಎಷ್ಟು ಬದಲಾಗಬಹುದು ಅಂತ ನನಗೆ ದಿನಾ ಅನಿಸುತ್ತದೆ.

ಪ್ರಶ್ನೆ ಕೇಳಿದ ಆ ಹುಡುಗ ನಿನ್ನೆ ಕಾಲು ಉಳುಕಿಸಿಕೊಂಡು ಗೆರೆಯಾಚೆ ಕೂತಿದ್ದ. ಹತ್ತು ನಿಮಿಷ ಸುಮ್ಮನಿದ್ದ. ಆಮೇಲೆ ಎದ್ದು ನಿಂತು ಕೂಗತೊಡಗಿದ: "ಏ, ಎಡಕ್ಕ ಖಾಲಿ ಐತಲೇ! ಹಿಂದ ನೋಡು!" ಅವನು ಹೇಳಿದ್ದು ಸರಿ ಇತ್ತು, ಎಡಕ್ಕೆ ಯಾರೂ ಇರಲಿಲ್ಲ. ಹೊರಗೆ ನಿಂತಾಗ ಅದು ಅವನಿಗೆ ಕಂಡಿತ್ತು. ಕಾಲು ವಾಸಿ ಆಗುವ ತನಕ ದಿನಾ ಅರ್ಧ ತಾಸು ಮೊದಲು ಬಾ, ರಾಂಡೊಗೆ ಕೋನ್ ಇಡೋಣ ಅಂತ ಹೇಳಿದ್ದೇನೆ.